ಡಚ್ ಕುಂಚದಲ್ಲಿ ವಸಾಹತು ಬಂದರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಂದರು ಎಲ್ಲಿದ್ದರೂ ಬಂದರೇ. ಅದರ ಚಿತ್ರಕ್ಕೆ ‘ವಸಾಹತು’ ಎಂಬ ವಿಶೇಷಣ ಏಕೆ ಬೇಕು?

ಹಡಗು, ನೀರು, ಮೋಡ ಇವನ್ನು ಚಿತ್ರಿಸುವುದು ಡಚ್ಚರಿಗೆ ಹದಿನೇಳನೆಯ ಶತಮಾನದಿಂದಲೇ ಕೈಗೂಡಿದ್ದ ವಿದ್ಯೆ. ಆದರೆ ಆಮ್‌ಸ್ಟರ್‌ಡ್ಯಾಮಿನ ಧಕ್ಕೆಯನ್ನು ಬರೆಯುವವನು ತನ್ನ ಊರನ್ನೇ ಬರೆಯುತ್ತಿದ್ದ; ಜಾವಾ ದ್ವೀಪದ ಬತಾವಿಯಾ (ಇಂದಿನ ಜಕಾರ್ತಾ), ಸುರಬಾಯ, ದಕ್ಷಿಣ ಅಮೆರಿಕದ ಪರಮರಿಬೊ ಬಂದರುಗಳನ್ನು ಬರೆಯುವವನಾದರೋ ತನ್ನ ದೇಶ ಆಳುತ್ತಿದ್ದ ಬೇರೆಯವರ ಊರನ್ನು ಬರೆಯುತ್ತಿದ್ದ. ಚಿತ್ರಕಾರ ಎಲ್ಲಿ ನಿಂತು ನೋಡಿದ, ಯಾರನ್ನು ದೊಡ್ಡದಾಗಿ ತೋರಿಸಿದ, ಯಾರನ್ನು ಚುಕ್ಕೆಯಷ್ಟು ಚಿಕ್ಕದಾಗಿಸಿದ ಎಂಬ ವಿಷಯಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ವಿಶೇಷಣ ಬೇಕಾಗುವುದು ಆ ಕಾರಣಕ್ಕೆ.

ಹತ್ತೊಂಬತ್ತನೆಯ ಶತಮಾನವನ್ನೇ ಪ್ರತ್ಯೇಕವಾಗಿ ನೋಡುವುದೇಕೆ?

ಡಚ್ ಈಸ್ಟ್ ಇಂಡಿಯಾ ಕಂಪನಿ 1799ರ ಕೊನೆಯ ದಿನದೊಂದಿಗೆ ಇಲ್ಲವಾಯಿತು. ಅದರ ಸಾಲವೂ ನೆಲೆಗಳೂ ಸರ್ಕಾರದ ಪಾಲಾದವು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ 1811ರಿಂದ 1816ರವರೆಗೆ ಜಾವಾ ಬ್ರಿಟಿಷರ ಕೈಯಲ್ಲಿತ್ತು. ಮರಳಿ ಪಡೆದ ಮೇಲೆ, ವ್ಯಾಪಾರಿಗಳ ಒಂದು ಸಂಸ್ಥೆಯ ಬದಲು ಒಂದು ರಾಜ್ಯವೇ ತನ್ನ ಆಸ್ತಿಯ ಲೆಕ್ಕ ಹಾಕಲು ಕುಳಿತಿತು. ಆ ಲೆಕ್ಕಾಚಾರದ ಭಾಗವಾಗಿ ಸಸ್ಯಶಾಸ್ತ್ರಜ್ಞರು, ಭೂಮಾಪಕರು, ಅವರ ಜೊತೆಗೆ ಚಿತ್ರಕಾರರು ಹಡಗು ಹತ್ತಿದರು. 1824ರಲ್ಲಿ ದೊರೆ ಒಂದನೆಯ ವಿಲ್ಲೆಮ್‌ನ ಆಸಕ್ತಿಯಿಂದ ನೆದರ್‌ಲೆಂಡ್ಸ್ ವ್ಯಾಪಾರ ಸಂಸ್ಥೆ ಹುಟ್ಟಿತು. 1830ರಿಂದ ಯೋಹಾನೆಸ್ ಫಾನ್ ಡೆನ್ ಬಾಸ್ ಜಾರಿಗೆ ತಂದ ಕಡ್ಡಾಯ ಬೆಳೆ ಪದ್ಧತಿಯಡಿ ಜಾವಾದ ರೈತರು ತಮ್ಮ ನೆಲದ ಒಂದು ಪಾಲಿನಲ್ಲಿ ಸರ್ಕಾರಕ್ಕಾಗಿ ಕಾಫಿ, ಕಬ್ಬು, ನೀಲಿ ಬೆಳೆಯಬೇಕಾಯಿತು. ಆ ಸರಕು ಸಾಗಿದ್ದು ಬಂದರುಗಳ ಮೂಲಕ. 1850ರ ದಶಕದಲ್ಲಿ ಡಚ್ ಸರ್ಕಾರದ ಒಟ್ಟು ಆದಾಯದಲ್ಲಿ ಸುಮಾರು ಮೂರರಲ್ಲೊಂದು ಪಾಲು ಜಾವಾದಿಂದ ಬರುತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡು ನೋಡಿದರೆ, ಈ ಚಿತ್ರಗಳಲ್ಲಿ ಲಂಗರು ಹಾಕಿ ನಿಂತ ಹಡಗುಗಳ ತೂಕ ಬೇರೆಯೇ ಆಗಿ ಕಾಣುತ್ತದೆ.

ಹಾಗಿದ್ದರೆ ಆ ಕಾಲದ ಹೆಸರಾಂತ ಡಚ್ ಚಿತ್ರಕಾರರೆಲ್ಲ ಜಾವಾದ ಬಂದರುಗಳನ್ನು ಬರೆದಿರಬೇಕಲ್ಲವೇ?

ಬರೆಯಲಿಲ್ಲ. ಈ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ಸಂಗತಿಯೇ ಇದು. ಹೇಗ್ ನಗರದ ಆಂಡ್ರಿಯಾಸ್ ಸ್ಖೆಲ್ಫ್‌ಹೌಟ್ ಹಿಮಗಟ್ಟಿದ ಕಾಲುವೆಗಳನ್ನು ಬರೆದ. ಡಾರ್ಡ್ರೆಕ್ಟಿನ ಯೋಹಾನೆಸ್ ಕ್ರಿಸ್ಟಿಯಾನ್ ಸ್ಖೋಟೆಲ್ ತನ್ನ ದೇಶದ ಕರಾವಳಿಯ ಅಲೆಗಳನ್ನು ಬರೆದ. ಕೂಕೂಕ್ ಮನೆತನದಲ್ಲಿ ತಂದೆ, ಮಕ್ಕಳು, ಮೊಮ್ಮಕ್ಕಳೆಲ್ಲ ಕುಂಚ ಹಿಡಿದವರು (ಆ ಹೆಸರಿನ ಅರ್ಥ ಕೋಗಿಲೆ ಜಾತಿಯ ಕುಕ್ಕೂ ಹಕ್ಕಿ). ಅವರ ಕಡಲಚಿತ್ರಗಳಲ್ಲಿಯೂ ಕಾಣುವುದು ಹಾಲೆಂಡಿನ ಮೀನುದೋಣಿಗಳೇ. ಶತಮಾನದ ಉತ್ತರಾರ್ಧದ ‘ಹೇಗ್ ಪಂಥ’ದವರಂತೂ ಬೂದು ಆಕಾಶದ ಕೆಳಗೆ ಮರಳಿನ ಮೇಲೆ ಎಳೆದಿಟ್ಟ ಚಪ್ಪಟೆ ತಳದ ದೋಣಿಗಳನ್ನು ಬಿಟ್ಟು ಕದಲಲಿಲ್ಲ. ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಖ್ 1881ರಲ್ಲಿ ಮುಗಿಸಿದ ವೃತ್ತಾಕಾರದ ಮಹಾಚಿತ್ರ ಸುಮಾರು 14 ಮೀಟರ್ ಎತ್ತರ, 120 ಮೀಟರ್ ಸುತ್ತಳತೆಯದು. ಅದರಲ್ಲಿರುವುದು ಸ್ಖೇವೆನಿಂಗೆನ್ ಎಂಬ ಮೀನುಗಾರರ ಹಳ್ಳಿ ಮತ್ತು ಅದರ ಸಮುದ್ರ ತೀರ.

ಕಾರಣ ಊಹಿಸುವುದು ಕಷ್ಟವಲ್ಲ. ಹೋಗಿಬರಲು ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಬೇಕು, ಬತಾವಿಯಾದ ಜ್ವರ ಕುಖ್ಯಾತವಾಗಿತ್ತು, ಮನೆಯ ಗೋಡೆಗೆ ಚಿತ್ರ ಕೊಳ್ಳುವ ಗಿರಾಕಿಗೆ ಬೇಕಾಗಿದ್ದುದು ತನ್ನ ನಾಡಿನ ಚಳಿಗಾಲ. ಕಾಫಿಯ ಹಣದಿಂದ ಕೊಂಡ ಚಿತ್ರದಲ್ಲಿ ಕಾಫಿಯ ಸುಳಿವೇ ಇಲ್ಲ. ಇದರಲ್ಲಿ ಸಂಚೇನೂ ಇಲ್ಲ, ಅದು ಆಗಿನ ಅಭಿರುಚಿ. ಆದರೆ ಅಭಿರುಚಿಯೂ ಒಂದು ಸಾಕ್ಷಿಯೇ.

ಮತ್ತೆ ಈ ಬಂದರುಗಳನ್ನು ಬರೆದವರು ಯಾರು?

ಹೆಚ್ಚಿನವರು ಬೇರೆ ಕೆಲಸಕ್ಕೆ ಹೋಗಿ, ಕುಂಚವನ್ನೂ ಹಿಡಿದವರು. ವೃತ್ತಿಯಿಂದಲೇ ಚಿತ್ರಕಾರನಾಗಿ ಹೋದವರಲ್ಲಿ ಮುಖ್ಯನಾದವನು ಬ್ರಸೆಲ್ಸ್‌ನಲ್ಲಿ ಹುಟ್ಟಿದ ಆಂಟ್ವಾನ್ ಪಯಾನ್. ಬೆಲ್ಜಿಯಂ ಆಗ ನೆದರ್‌ಲೆಂಡ್ಸ್‌ಗೇ ಸೇರಿತ್ತು. ಬೊಯ್ಟೆನ್‌ಜೋರ್ಖ್‌ನಲ್ಲಿ, ಅಂದರೆ ಇಂದಿನ ಬೊಗೋರ್‌ನಲ್ಲಿ, 1817ರಲ್ಲಿ ಸಸ್ಯೋದ್ಯಾನ ಸ್ಥಾಪಿಸಿದ ವಿಜ್ಞಾನಿ ರೈನ್‌ವಾರ್ಟ್‌ನ ಕೆಲಸಕ್ಕೆಂದು ನೇಮಕಗೊಂಡ ಪಯಾನ್, 1826ರವರೆಗೆ ಜಾವಾದಲ್ಲಿದ್ದು ರಾಶಿ ರಾಶಿ ಕರಡು ಚಿತ್ರಗಳೊಂದಿಗೆ ಯುರೋಪಿಗೆ ಮರಳಿದ. ಆ ಕರಡುಗಳನ್ನು ಆಧರಿಸಿ ದೊಡ್ಡ ತೈಲಚಿತ್ರಗಳನ್ನು ಬರೆದದ್ದು ಅಲ್ಲಿ. ಅದೇ ರೈನ್‌ವಾರ್ಟ್‌ನ ಜೊತೆಗೆ ಬಿಕ್ ಸಹೋದರರು ರೇಖಾಚಿತ್ರಕಾರರಾಗಿ ದುಡಿದರು.

ಎರಡನೆಯ ಬಗೆಯವರು ನೌಕಾಧಿಕಾರಿಗಳು. ಕ್ವಿರಿನ್ ಫೆರ್‌ಹ್ಯುಲ್ 1815ರಲ್ಲಿ ‘ಮರಿಯಾ ರೈಗರ್ಸ್‌ಬೆರ್ಖ್’ ಎಂಬ ಯುದ್ಧನೌಕೆಯಲ್ಲಿ ಹೊರಟು, ಇಂದಿನ ಇಂಡೊನೇಷ್ಯದ ಪೂರ್ವಭಾಗದ ಮಲುಕು ದ್ವೀಪಗಳಲ್ಲಿ 1817ರ ದಂಗೆಯನ್ನು ಅಡಗಿಸುವುದರಲ್ಲಿ ಪಾಲ್ಗೊಂಡವನು. ಅದೇ ಕೈ ಆ ದ್ವೀಪಗಳ ತೀರ, ದೋಣಿ, ಗಿಡಮರಗಳ ಜಲವರ್ಣಗಳನ್ನೂ ಬಿಡಿಸಿತು. ಮರಳುವ ದಾರಿಯಲ್ಲಿ, 1819ರಲ್ಲಿ, ‘ಅಡ್ಮಿರಾಲ್ ಎವರ್ಟ್ಸೆನ್’ ಹಡಗು ಹಿಂದೂ ಮಹಾಸಾಗರದ ಡಿಯೆಗೊ ಗಾರ್ಸಿಯಾ ಬಳಿ ಮುಳುಗಿತು. ಫೆರ್‌ಹ್ಯುಲ್ ಬದುಕಿ ಉಳಿದ, ಆದರೆ ಆ ಹಡಗಿನಲ್ಲಿ ರೈನ್‌ವಾರ್ಟ್ ಕಳಿಸಿದ್ದ ಸಂಗ್ರಹ ಸಮುದ್ರದ ಪಾಲಾಯಿತು. ಇಂದು ನಾವು ನೋಡುತ್ತಿರುವುದು ಹಡಗೊಡೆತ, ಗೆದ್ದಲು, ಬೂಷ್ಟುಗಳನ್ನು ದಾಟಿ ಉಳಿದುದನ್ನು ಮಾತ್ರ.

ಮೂರನೆಯವರು ವ್ಯಾಪಾರಿಗಳು ಮತ್ತು ತೋಟದ ಮಾಲೀಕರು. ಇವರಲ್ಲಿ ಅಬ್ರಹಾಂ ಸಾಲ್ಮ್‌ನ ಹೆಸರನ್ನು ಹೇಳಲೇಬೇಕು. ಜಾವಾದಲ್ಲಿ ದಶಕಗಳ ಕಾಲ ಬಾಳಿದ ಈತ ಹವ್ಯಾಸಿ ಚಿತ್ರಕಾರ. ಅವನ ಚಿತ್ರಗಳನ್ನು ಆಧರಿಸಿ ಯೋಹಾನ್ ಕಾನ್ರಾಡ್ ಗ್ರೀವೆ ಬಣ್ಣದ ಕಲ್ಲಚ್ಚುಗಳನ್ನು (ಕಲ್ಲಿನ ಮೇಲೆ ಬಿಡಿಸಿ ಮುದ್ರಿಸುವ ಲಿಥೋಗ್ರಾಫ್) ಸಿದ್ಧಪಡಿಸಿದ; 24 ಚಿತ್ರಗಳ ಆ ಸಂಪುಟ 1865ರಿಂದ 1872ರ ನಡುವೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾಯಿತು. ಗ್ರೀವೆ ಸ್ವತಃ ಆಮ್‌ಸ್ಟರ್‌ಡ್ಯಾಮಿನ ನೀರು ಮತ್ತು ಹಡಗುಗಳನ್ನು ಚಿತ್ರಿಸುತ್ತಿದ್ದವನು. ಜಾವಾದ ಚಿತ್ರಗಳಲ್ಲಿ ಎಲ್ಲೋ ಹಾಲೆಂಡಿನ ತಂಪು ಬೆಳಕು ಬೆರೆತಂತೆ ಅನ್ನಿಸಿದರೆ, ಅದು ನಿಮ್ಮ ಕಣ್ಣಿನ ದೋಷವಲ್ಲ.

ಬತಾವಿಯಾ ಬಂದರು ನಿಜವಾಗಿ ಹೇಗಿತ್ತು? ಚಿತ್ರಗಳಲ್ಲಿ ಹಡಗುಗಳು ದಡದಿಂದ ಅಷ್ಟು ದೂರದಲ್ಲಿ ನಿಂತಿರುವುದೇಕೆ?

ದೊಡ್ಡ ಹಡಗು ದಡಕ್ಕೆ ಬರುವಂತೆಯೇ ಇರಲಿಲ್ಲ. ಚಿಲಿವುಂಗ್ ನದಿ ಹೊತ್ತು ತರುತ್ತಿದ್ದ ಹೂಳಿನಿಂದ ಅಳಿವೆ ವರ್ಷ ವರ್ಷವೂ ಮುಂದೆ ಸರಿಯುತ್ತಿತ್ತು. ಆದ್ದರಿಂದ ಹಡಗುಗಳು ಆಳವಿರುವ ಹೊರಗಡಲಿನಲ್ಲಿ ಲಂಗರು ಹಾಕುತ್ತಿದ್ದವು. ಅಲ್ಲಿಂದ ಜನರೂ ಸರಕೂ ಸಣ್ಣ ದೋಣಿಗಳಿಗೆ ಇಳಿದು, ಎರಡು ಉದ್ದನೆಯ ಕಟ್ಟೆಗಳ ನಡುವಿನ ಬಂದರು ಕಾಲುವೆಯೊಳಗೆ ಸಾಗಿ, ‘ಕ್ಲೈನೆ ಬೋಮ್’ ಎಂಬ ಸುಂಕದ ಕಟ್ಟೆಯಲ್ಲಿ ಇಳಿಯಬೇಕಿತ್ತು. ‘ಬೋಮ್’ ಎಂದರೆ ಮರ. ಹಿಂದೆ ಕಾಲುವೆಗೆ ಅಡ್ಡಲಾಗಿ ಇಡುತ್ತಿದ್ದ ಮರದ ತಡೆಯಿಂದ ಬಂದ ಹೆಸರು. ಕಾಲುವೆಯ ಬಾಯಿಯ ಬಳಿ 1839ರಲ್ಲಿ ಕಟ್ಟಿದ ಕಾವಲುಗೋಪುರ ಇಂದಿಗೂ ಜಕಾರ್ತಾದಲ್ಲಿ, ತುಸು ವಾಲಿಕೊಂಡು, ನಿಂತಿದೆ. ಕಂಪನಿಯ ಕಾಲದ ಕೋಟೆಯನ್ನು ಮಾತ್ರ ಈ ಶತಮಾನದ ಚಿತ್ರಗಳಲ್ಲಿ ಹುಡುಕಬೇಡಿ. 1808ರಲ್ಲಿ ಬಂದ ಗವರ್ನರ್ ಜನರಲ್ ಡಾಂಡೆಲ್ಸ್ ಅದನ್ನು ಕೆಡವಿಸಿದ್ದ.

ಈ ಏರ್ಪಾಡು ಕೊನೆಗೊಂಡದ್ದು 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳ ಸಂಚಾರ ಹೆಚ್ಚಿದ ಮೇಲೆ. ಪೂರ್ವಕ್ಕಿರುವ ತಂಜುಂಗ್ ಪ್ರಿಯೊಕ್‌ನಲ್ಲಿ 1877ರಲ್ಲಿ ಹೊಸ ಬಂದರಿನ ಕೆಲಸ ಆರಂಭವಾಗಿ 1880ರ ದಶಕದಲ್ಲಿ ಬಳಕೆಗೆ ಬಂತು. ಹಡಗು ನೇರವಾಗಿ ಧಕ್ಕೆಗೆ ಬಂದು ನಿಂತ ಚಿತ್ರ ಕಂಡರೆ, ಅದು ಬತಾವಿಯಾದ್ದೇ ಆಗಿದ್ದಲ್ಲಿ, ಬಹುತೇಕ ಆ ದಶಕದ ನಂತರದ್ದು ಎಂದು ಧೈರ್ಯವಾಗಿ ಹೇಳಬಹುದು.

ಎಲ್ಲ ಚಿತ್ರಗಳಲ್ಲೂ ದಿಗಂತ ಅಷ್ಟು ತಗ್ಗಿನಲ್ಲಿರುವುದೇಕೆ?

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಪರಂಪರೆ. ಸಪಾಟು ನೆಲದ ಡಚ್ಚರು ಚಿತ್ರದ ಮೂರರಲ್ಲೆರಡು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಆಕಾಶಕ್ಕೆ ಬಿಟ್ಟುಕೊಡುವುದನ್ನು ಎರಡು ಶತಮಾನಗಳಿಂದ ರೂಢಿಸಿಕೊಂಡಿದ್ದರು. ಎರಡನೆಯದು ಚಿತ್ರಕಾರ ನಿಂತ ಜಾಗ. ಅವನಿದ್ದುದು ಹಡಗಿನ ಮೇಲೆ ಇಲ್ಲವೇ ದೋಣಿಯಲ್ಲಿ, ನೀರಿಗೆ ಸಮೀಪದಲ್ಲಿ. ಅಲ್ಲಿಂದ ಜಾವಾದ ಉತ್ತರ ತೀರ ಒಂದು ತೆಳು ಹಸಿರು ಗೆರೆ. ಮುಂಜಾನೆಯ ತಿಳಿ ಗಾಳಿಯಲ್ಲಿ ಮಾತ್ರ ಅದರ ಹಿಂದೆ ಸಲಾಕ್, ಗೆಡೆ ಪರ್ವತಗಳ ನೀಲಿ ಮೈ ಕಾಣುತ್ತದೆ, ಹೊತ್ತೇರಿದಂತೆ ಮೋಡ ಮುಸುಕುತ್ತದೆ.

ಹೋಲಿಕೆಗೆಂದು ಹಿಂದಿನ ಒಂದು ಚಿತ್ರವನ್ನು ಎದುರಿಗಿಟ್ಟುಕೊಳ್ಳಿ. ಸುಮಾರು 1661ರಲ್ಲಿ ಆಂಡ್ರೀಸ್ ಬೇಕ್‌ಮನ್ ಬರೆದ, ಈಗ ರೈಕ್ಸ್‌ಮ್ಯೂಸಿಯಂನಲ್ಲಿರುವ ಬತಾವಿಯಾ ಕೋಟೆಯ ಚಿತ್ರದಲ್ಲಿ ಚಿತ್ರಕಾರ ನಿಂತಿರುವುದು ನೆಲದ ಮೇಲೆ, ಸಂತೆಯ ನಡುವೆ. ಹಣ್ಣು ಮಾರುವವರು, ಕೊಡೆಯ ನೆರಳಿನಲ್ಲಿ ನಡೆದು ಹೋಗುತ್ತಿರುವ ದಂಪತಿ, ಬೆತ್ತದ ಚೆಂಡನ್ನು ಕಾಲಿನಿಂದ ಒದ್ದು ಆಡುತ್ತಿರುವ ಗಂಡಸರು ಮುಂಭಾಗದಲ್ಲಿದ್ದಾರೆ. ಕೋಟೆ ಹೊಳೆಯಾಚೆ ಹಿನ್ನೆಲೆಯಲ್ಲಿದೆ. ಅದೂ ಕಂಪನಿಯ ಹೆಮ್ಮೆಗಾಗಿ ಆಮ್‌ಸ್ಟರ್‌ಡ್ಯಾಮಿನ ಕಚೇರಿಯಲ್ಲಿ ತೂಗಿದ್ದ ಚಿತ್ರವೇ, ಅದನ್ನು ಮುಗ್ಧ ಎನ್ನಲಾಗದು. ಆದರೂ ಅಲ್ಲಿ ಜನರ ಮುಖ ಕಾಣುತ್ತದೆ. ಎರಡು ಶತಮಾನಗಳ ನಂತರದ ಬಂದರು ಚಿತ್ರಗಳಲ್ಲಿ ಕಣ್ಣು ಸಂತೆಯಿಂದ ಹಡಗಿಗೆ ಹಿಂದೆ ಸರಿದಿದೆ, ಮುಖಗಳು ಕರಗಿವೆ.

ಹಾಗಾದರೆ ಕೂಲಿಗಳು, ಅಂಬಿಗರು ಚಿತ್ರದಲ್ಲಿ ಇರುವುದೇ ಇಲ್ಲವೇ?

ಇರುತ್ತಾರೆ, ಆದರೆ ಅಳತೆಗೋಲಿನಂತೆ. ದೃಶ್ಯಕ್ಕೆ ಜೀವ ತುಂಬಲು ಕೊನೆಯಲ್ಲಿ ಸೇರಿಸುವ ಇಂಥ ಪುಟ್ಟ ಆಕೃತಿಗಳಿಗೆ ಚಿತ್ರಶಾಲೆಯಲ್ಲಿ ‘ಸ್ಟಾಫಾಜ್’ ಎನ್ನುತ್ತಿದ್ದರು. ಕೆಂಪು ರುಮಾಲಿನ ಒಂದು ಚುಕ್ಕೆ, ಬಿದಿರ ಕಾವಡಿ ಹೊತ್ತ ಒಂದು ಬಾಗಿದ ಗೆರೆ, ಹುಟ್ಟು ಹಾಕುವ ನಾಲ್ಕು ಬೆನ್ನುಗಳು ಸಾಕು. ಕುಂಚ ಅವರ ಶ್ರಮವನ್ನು ಬಳಸಿಕೊಂಡಿದ್ದು ಬಣ್ಣದ ಸಮತೋಲನಕ್ಕೆ. ಅದೇ ಚಿತ್ರದಲ್ಲಿ ಮೂರು ಕೂವೆಮರಗಳ ಹಡಗಿನ ಹಗ್ಗ ಹಗ್ಗವೂ ಲೆಕ್ಕಕ್ಕೆ ಸಿಗುವಷ್ಟು ನಿಖರವಾಗಿರುತ್ತದೆ. ಹಡಗಿನ ಒಡೆಯ ತಪ್ಪು ಹುಡುಕುತ್ತಾನೆ, ಅಂಬಿಗ ಚಿತ್ರ ನೋಡಲು ಬರುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ಯಾಕೊಬ್ ಸ್ಪಿನ್‌ನಂಥವರು ಇಂತಿಂಥ ಹಡಗು ಎಂದು ಗುರುತಿಸಬಹುದಾದ ಚಿತ್ರಗಳನ್ನು ಬರೆಯುವುದರಲ್ಲೇ ಜೀವನ ಸಾಗಿಸಿದರು.

ಜಾವಾದವರೇ ಆದ ಚಿತ್ರಕಾರರು ಇರಲಿಲ್ಲವೇ?

ಇದ್ದರು, ಮತ್ತು ಅವರಲ್ಲಿ ಒಬ್ಬನ ಕಥೆ ಡಚ್ ನಿಸರ್ಗ ಚಿತ್ರಕಲೆಯ ಇತಿಹಾಸದೊಳಗೇ ಹೆಣೆದುಕೊಂಡಿದೆ. ಜಾವಾದ ಶ್ರೀಮಂತ ಮನೆತನದ ರಾದೆನ್ ಸಾಲೆಹ್ ಹುಡುಗನಾಗಿದ್ದಾಗ ಪಯಾನ್‌ನ ಶಿಷ್ಯ. 1829ರಲ್ಲಿ ನೆದರ್‌ಲೆಂಡ್ಸ್‌ಗೆ ಬಂದು ಭಾವಚಿತ್ರವನ್ನು ಕಾರ್ನೆಲಿಸ್ ಕ್ರುಸೆಮನ್‌ನಿಂದಲೂ ನಿಸರ್ಗ ಚಿತ್ರವನ್ನು ಸ್ಖೆಲ್ಫ್‌ಹೌಟ್‌ನಿಂದಲೂ ಕಲಿತ. ಹಿಮದ ಚಿತ್ರಗಳಿಗೆ ಹೆಸರಾದ ಗುರು, ಉಷ್ಣವಲಯದ ಶಿಷ್ಯ! ಇಪ್ಪತ್ತಕ್ಕೂ ಹೆಚ್ಚು ವರ್ಷ ಯುರೋಪಿನಲ್ಲಿದ್ದ ಈತ ಬಂದರಿನ ಶಾಂತ ನೀರನ್ನು ಹೆಚ್ಚಾಗಿ ಬರೆಯಲಿಲ್ಲ. 1830ರ ದಶಕದಲ್ಲಿ ಬರೆದ ಕಡಲಚಿತ್ರಗಳಲ್ಲಿ ಬಿರುಗಾಳಿಗೆ ಸಿಕ್ಕಿ ನಲುಗುವ ಹಡಗುಗಳಿವೆ. ಆ ಕಾಲದ ಯುರೋಪಿನಲ್ಲಿ ಬಿರುಗಾಳಿಯ ಚಿತ್ರಗಳಿಗೆ ಬೇಡಿಕೆಯಿತ್ತು, ಆದ್ದರಿಂದ ಪ್ರತಿಯೊಂದರಲ್ಲೂ ರಾಜಕೀಯ ಹುಡುಕುವುದು ಅತಿಯಾದೀತು.

ಆದರೆ ಅವನ 1857ರ ಚಿತ್ರದಲ್ಲಿ ರಾಜಕೀಯವನ್ನು ಹುಡುಕಬೇಕಾಗಿಲ್ಲ. ಡಚ್ಚರ ವಿರುದ್ಧ ನಡೆದ ಜಾವಾ ಯುದ್ಧದ ನಾಯಕ ದೀಪೊನೆಗೊರೊನನ್ನು 1830ರಲ್ಲಿ ಮಾತುಕತೆಗೆಂದು ಕರೆಸಿ ಸೆರೆಹಿಡಿದ ಘಟನೆಯನ್ನು, ಜಾವಾವನ್ನು ಕಂಡೇ ಇರದ ನಿಕೋಲಾಸ್ ಪೀನೆಮನ್ ‘ಶರಣಾಗತಿ’ ಎಂದು ಬರೆದಿದ್ದ. ಕಟ್ಟಡದ ಮೇಲೆ ಡಚ್ ಧ್ವಜ ಹಾರುತ್ತಿತ್ತು. ಸಾಲೆಹ್ ಅದನ್ನೇ ‘ಬಂಧನ’ ಎಂದು ಬರೆದ, ಧ್ವಜವನ್ನು ತೆಗೆದುಬಿಟ್ಟ. ಆ ಚಿತ್ರವನ್ನು ಡಚ್ ದೊರೆಗೇ ಅರ್ಪಿಸಿದ್ದ. ಅದು ಇಂಡೊನೇಷ್ಯಕ್ಕೆ ಮರಳಿದ್ದು 1978ರಲ್ಲಿ. ಬಂದರಿನ ಚಿತ್ರಗಳಲ್ಲಿ ಪ್ರತಿ ಹಡಗಿನ ತುದಿಯಲ್ಲೂ ಹಾರುವ ಮೂರು ಪಟ್ಟಿಗಳ ಧ್ವಜ ಎಷ್ಟು ಸಹಜವೆಂಬಂತೆ ಇರುತ್ತದೆ ಎಂದರೆ, ಒಬ್ಬ ಅದನ್ನು ಬಿಟ್ಟಾಗಲೇ ಅದರ ಇರವು ನಮ್ಮ ಗಮನಕ್ಕೆ ಬರುವುದು.

ದಡದ ಮೇಲೆ ನಿಂತು, ಬರುವ ಡಚ್ ಹಡಗನ್ನು ನೋಡಿದ ಚಿತ್ರಗಳು ಇವೆಯೇ?

ಜಪಾನಿನ ನಾಗಾಸಾಕಿಯಿಂದ ಬಂದಿವೆ. ಅದು ವಸಾಹತು ಅಲ್ಲ, ಬದಲಾಗಿ ಡಚ್ಚರನ್ನೇ ದೆಜಿಮಾ ಎಂಬ ಬೀಸಣಿಗೆಯಾಕಾರದ ಕೃತಕ ದ್ವೀಪದಲ್ಲಿ 1641ರಿಂದ ಕೂಡಿಹಾಕಿದ್ದ ಬಂದರು. ಬತಾವಿಯಾದಿಂದ ವರ್ಷಕ್ಕೆ ಒಂದೆರಡು ಹಡಗು ಬಂದರೆ ಹೆಚ್ಚು. ದ್ವೀಪದೊಳಗೆ ಹೋಗಿಬರಲು ಅನುಮತಿ ಪಡೆದಿದ್ದ ಕವಾಹರಾ ಕೇಗಾ ಎಂಬ ಚಿತ್ರಕಾರ, 1823ರಿಂದ 1829ರವರೆಗೆ ಅಲ್ಲಿದ್ದ ವೈದ್ಯ ಫಾನ್ ಸೀಬೋಲ್ಡ್‌ಗಾಗಿ ಸಾಕಷ್ಟು ಕೆಲಸ ಮಾಡಿದ. ಪಾಶ್ಚಾತ್ಯ ದೃಷ್ಟಿಕೋನದ ತಂತ್ರವನ್ನು ಡಚ್ಚರ ಒಡನಾಟದಲ್ಲಿ ಕಲಿತ.

ಅವನದೆಂದು ಹೇಳಲಾಗುವ ಒಂದು ರೇಷ್ಮೆ ಚಿತ್ರವನ್ನು ಹತ್ತಿರದಿಂದ ನೋಡಬೇಕು. ದೆಜಿಮಾದ ಎತ್ತರದ ಜಾಗದಲ್ಲಿ ಸೀಬೋಲ್ಡ್ ದೂರದರ್ಶಕ ಹಿಡಿದಿದ್ದಾನೆ. ಪಕ್ಕದಲ್ಲಿ ಅವನ ಸಂಗಾತಿ ಕುಸುಮೊತೊ ತಾಕಿ, ಜೊತೆಗೆ ಪುಟ್ಟ ಮಗಳು ಇನೆ. ಕೆಳಗೆ ಕೊಲ್ಲಿಯಲ್ಲಿ ಡಚ್ ಹಡಗು. ಅಷ್ಟು ದೊಡ್ಡ ಹಡಗು ತಾನಾಗಿ ಬರುತ್ತಿಲ್ಲ, ಸಾಲುಗಟ್ಟಿದ ಜಪಾನೀ ಪುಟ್ಟ ದೋಣಿಗಳು ಅದನ್ನು ಹಗ್ಗ ಕಟ್ಟಿ ಎಳೆದು ತರುತ್ತಿವೆ. ಬತಾವಿಯಾದ ಚಿತ್ರಗಳಲ್ಲಿ ಅಲಂಕಾರದಂತಿದ್ದ ಅಂಬಿಗರು ಇಲ್ಲಿ ಹಡಗನ್ನು ನಡೆಸುವವರು. ನೋಡುವ ಕಣ್ಣು ದಡಕ್ಕೆ ಬಂದ ಕೂಡಲೇ ಹಡಗಿನ ಗಾತ್ರ ಹೇಗೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಸುರಿನಾಮ್‌ನ ಚಿತ್ರಣ ಹೇಗಿದೆ?

ದಕ್ಷಿಣ ಅಮೆರಿಕದ ಈ ವಸಾಹತಿನಲ್ಲಿ ಗುಲಾಮಗಿರಿ ರದ್ದಾದದ್ದು 1863ರ ಜುಲೈ 1ರಂದು. ಅದಾದ ಮೇಲೂ ಹತ್ತು ವರ್ಷ ಸರ್ಕಾರದ ಮೇಲ್ವಿಚಾರಣೆಯಡಿ ದುಡಿಯಬೇಕೆಂಬ ಷರತ್ತಿತ್ತು. ಅಲ್ಲಿನ ಮುಖ್ಯ ಕಲಾವಿದ ಪರಮರಿಬೊದಲ್ಲೇ ಹುಟ್ಟಿದ, ಮಿಶ್ರ ಮೂಲದ ಖೆರಿಟ್ ಸ್ಖೌಟೆನ್. ಈತ ಕ್ಯಾನ್ವಾಸಿನ ಬದಲು ಪೆಟ್ಟಿಗೆಯಲ್ಲಿ ಕೆಲಸ ಮಾಡಿದ: ಅರೆದ ಕಾಗದದಿಂದ ಮನೆ, ಮರ, ಮನುಷ್ಯರನ್ನು ಮಾಡಿ, ಬಣ್ಣ ಹಚ್ಚಿ, ಗಾಜಿನ ಹಿಂದೆ ಜೋಡಿಸಿದ ಪುಟ್ಟ ರಂಗಸ್ಥಳಗಳು. ಊರಿಗೆ ಮರಳುವ ಯುರೋಪಿಯನ್ನರು ಅವನ್ನು ನೆನಪಿಗೆಂದು ಕೊಂಡೊಯ್ಯುತ್ತಿದ್ದರು. ನದಿದಂಡೆಯ ‘ವಾಟರ್‌ಕಾಂಟ್’ ಬೀದಿಯನ್ನು ತೋರಿಸುವ 1820ರ ಒಂದು ಪೆಟ್ಟಿಗೆ ರೈಕ್ಸ್‌ಮ್ಯೂಸಿಯಂನಲ್ಲಿದೆ.

ಭಾರತದ ಬಂದರುಗಳು? ಕರ್ನಾಟಕದ ನಂಟು ಏನಾದರೂ ಇದೆಯೇ?

ಹತ್ತೊಂಬತ್ತನೆಯ ಶತಮಾನದ ಡಚ್ ಚಿತ್ರಗಳಲ್ಲಿ ಭಾರತ ಇಲ್ಲವೆನ್ನುವಷ್ಟು ವಿರಳ. ಕೊಚ್ಚಿ 1795ರಲ್ಲೇ ಬ್ರಿಟಿಷರ ವಶವಾಯಿತು. ಉಳಿದ ನೆಲೆಗಳನ್ನು 1824ರ ಆಂಗ್ಲೋ-ಡಚ್ ಒಪ್ಪಂದದಂತೆ ಬಿಟ್ಟುಕೊಡಲಾಯಿತು.

ನಂಟು ಇರುವುದು ಅದಕ್ಕೂ ಹಿಂದಿನ ಕಾಲದಲ್ಲಿ. ಕುಂದಾಪುರದ ಬಳಿಯ ಬಸ್ರೂರಿನಲ್ಲಿ ಹದಿನೇಳನೆಯ ಶತಮಾನದಲ್ಲಿ ಡಚ್ ಕಂಪನಿಯ ಕೋಠಿಯಿತ್ತು, ಅಕ್ಕಿಯೇ ಅದರ ಮುಖ್ಯ ಆಸಕ್ತಿ. 1660ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮಿನ ನಕಾಶೆಗಾರ ಯೋಹಾನೆಸ್ ವಿಂಕ್‌ಬೂನ್ಸ್‌ನ ಹೆಸರಿನಲ್ಲಿರುವ ಏಷ್ಯಾದ ಊರುಗಳ ತೈಲಚಿತ್ರ ಸರಣಿಯಲ್ಲಿ ಕೊಚ್ಚಿ, ಕಣ್ಣೂರುಗಳ ಜೊತೆಗೆ ‘ರಾಯಬಾಗ’ವೂ ಇದೆ: ಅಂದು ಬಿಜಾಪುರದ ಆದಿಲಶಾಹಿಗೆ ಸೇರಿದ್ದ, ಇಂದು ಬೆಳಗಾವಿ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿರುವ ರಾಯಬಾಗವೇ. ಬಂದರುಗಳ ಸಾಲಿನಲ್ಲಿ ಒಳನಾಡಿನ ಪೇಟೆಯೊಂದು ಬಂದು ಕೂತಿರುವುದನ್ನು ಕಂಡಾಗ ಬೆಳಗಾವಿ ಕಡೆಯವರಿಗೆ ನಗು ಬಂದರೂ ಬರಬಹುದು. ವಿಂಕ್‌ಬೂನ್ಸ್ ಈ ಊರುಗಳನ್ನು ಕಂಡವನಲ್ಲ, ಇತರರು ತಂದ ನಕ್ಷೆ ಮತ್ತು ರೇಖಾಚಿತ್ರಗಳೇ ಅವನಿಗೆ ಆಧಾರ.

ಫೋಟೋ ಬಂದ ಮೇಲೆ ಈ ಚಿತ್ರಗಳು ನಿಂತುಹೋದವೇ?

ಒಮ್ಮೆಲೇ ನಿಲ್ಲಲಿಲ್ಲ. ವುಡ್‌ಬರಿ ಮತ್ತು ಪೇಜ್ ಎಂಬ ಇಬ್ಬರು ಇಂಗ್ಲಿಷರು 1857ರಲ್ಲಿ ಬತಾವಿಯಾದಲ್ಲಿ ಛಾಯಾಚಿತ್ರದ ಕೆಲಸ ಆರಂಭಿಸಿದರು, ಆದರೂ ಬಣ್ಣಕ್ಕಾಗಿ ಕಲ್ಲಚ್ಚಿನ ಬೇಡಿಕೆ ಇನ್ನೂ ಕೆಲವು ದಶಕ ಉಳಿಯಿತು. ನಿವೃತ್ತ ಸೇನಾಧಿಕಾರಿ ರಪ್ಪಾರ್ಡ್‌ನ ಜಲವರ್ಣಗಳನ್ನು ಆಧರಿಸಿದ ಕಲ್ಲಚ್ಚುಗಳು ಹೊರಬಂದದ್ದು 1880ರ ದಶಕದಲ್ಲಿ. ಇಪ್ಪತ್ತನೆಯ ಶತಮಾನಕ್ಕೆ ಬರುವಷ್ಟರಲ್ಲಿ ಬಂದರು ಬದಿಗೆ ಸರಿದು ಬೆಟ್ಟ, ತೆಂಗು, ಗದ್ದೆಗಳ ‘ಚೆಲುವಿನ ಇಂಡೀಸ್’ (ಇಂಡೀಸ್ ಎಂದರೆ ಡಚ್ಚರ ಆಳ್ವಿಕೆಯಲ್ಲಿದ್ದ ಇಂದಿನ ಇಂಡೊನೇಷ್ಯ) ಮುಂದೆ ಬಂತು. ಇಂಡೊನೇಷ್ಯದ ಚಿತ್ರಕಾರ ಸುಜೊಯೊನೊ 1939ರಲ್ಲಿ ಅದನ್ನು ಹಿಗ್ಗಾಮುಗ್ಗಾ ಟೀಕಿಸಿದ.

ಹಳೆಯ ಬತಾವಿಯಾದ ಮುದ್ರಿತ ಚಿತ್ರವೊಂದು ಸಿಕ್ಕಿದೆ. ಅದು ಅಸಲಿ ಕಲ್ಲಚ್ಚೇ ಎಂದು ತಿಳಿಯುವುದು ಹೇಗೆ?

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಆಕಾಶದ ಭಾಗವನ್ನು ನೋಡಿ. ಬಣ್ಣದ ಚುಕ್ಕೆಗಳು ಕ್ರಮವಾಗಿ, ಸಾಲು ಹಿಡಿದು ನಿಂತಿದ್ದರೆ ಅದು ಇತ್ತೀಚಿನ ಆಫ್‌ಸೆಟ್ ಪ್ರತಿ. ಕಲ್ಲಿನ ಮೇಲೆ ಮೇಣದ ಕಡ್ಡಿಯಿಂದ ಬಿಡಿಸಿದ್ದಾದರೆ ಕಾಳುಗಳು ಅಂಕೆಯಿಲ್ಲದೆ, ದಪ್ಪ ಸಣ್ಣ ಬೆರೆತು, ಒರಟು ಗೋಡೆಯ ಮೇಲೆ ಸೀಮೆಸುಣ್ಣ ಉಜ್ಜಿದಂತೆ ಕಾಣುತ್ತವೆ. ಹಳದಿ ಬಣ್ಣಕ್ಕೆ ತಿರುಗಿದ ಕಾಗದ ಏನನ್ನೂ ಸಾಬೀತುಪಡಿಸುವುದಿಲ್ಲ, ಚಹಾದ ನೀರಿಗೂ ಆ ಶಕ್ತಿಯಿದೆ.

ಇವನ್ನು ಎಲ್ಲಿ ನೋಡಬಹುದು?

ಆಮ್‌ಸ್ಟರ್‌ಡ್ಯಾಮಿನಲ್ಲಿ ರೈಕ್ಸ್‌ಮ್ಯೂಸಿಯಂ, 1656ರ ನೌಕಾಪಡೆ ಉಗ್ರಾಣದಲ್ಲಿರುವ ನೌಕಾಯಾನ ವಸ್ತುಸಂಗ್ರಹಾಲಯ, ಹಿಂದೆ ಟ್ರೋಪೆನ್‌ಮ್ಯೂಸಿಯಂ ಎನ್ನುತ್ತಿದ್ದ ವೇರೆಲ್ಡ್‌ಮ್ಯೂಸಿಯಂ. ರಾಟರ್‌ಡ್ಯಾಮಿನಲ್ಲಿ ಅಲ್ಲಿನ ನೌಕಾಯಾನ ವಸ್ತುಸಂಗ್ರಹಾಲಯ. ಪ್ರಯಾಣ ಸಾಧ್ಯವಿಲ್ಲದವರಿಗೆ ರೈಕ್ಸ್‌ಮ್ಯೂಸಿಯಂ ಮತ್ತು ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯ ತಮ್ಮ ಸಂಗ್ರಹದ ಬಹುಪಾಲನ್ನು ಜಾಲತಾಣಗಳಲ್ಲಿ ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇರಿಸಿವೆ. ‘ಬತಾವಿಯಾ’ ಎಂದಷ್ಟೇ ಹುಡುಕಿದರೆ ಸಾವಿರಾರು ಚಿತ್ರಗಳು ಬರುತ್ತವೆ. ಲಂಗರು ತಾಣಕ್ಕೆ ಡಚ್ಚರು ಬಳಸುತ್ತಿದ್ದ ‘ರೇಡೆ’ ಎಂಬ ಪದವನ್ನೂ ಸೇರಿಸಿ ಹುಡುಕಿದರೆ ಬಂದರಿನವು ಬೇರ್ಪಟ್ಟು ಸಿಗುತ್ತವೆ. ತೆರೆದ ಮೇಲೆ ಮೊದಲು ಹಡಗನ್ನು ಬಿಟ್ಟು, ಎಡ ಅಥವಾ ಬಲ ಮೂಲೆಯಲ್ಲಿರುವ ದೋಣಿಯನ್ನು ಪೂರ್ತಿ ಹಿಗ್ಗಿಸಿ, ಅದರಲ್ಲಿ ಎಷ್ಟು ಜನ ಇದ್ದಾರೆ ಎಂದು ಎಣಿಸಿ ನೋಡಿ.